ಪಾಲುದಾರಿಕೆ: ಸೇರೋದು ಸುಲಭ, ಬಿಡೋದು?

ಗೆಳೆಯರಿಬ್ಬರು ಸೇರಿ ಕೇಟರಿಂಗ್ ಶುರು ಮಾಡ್ತೀರಿ. ಪತ್ರ ಇಲ್ಲ, ನಂಬಿಕೆಯೇ ಎಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಪ್ರಕಾರ ಬಾಯಿಮಾತಿನ ಒಪ್ಪಂದವೂ ನಡೆಯುತ್ತೆ. ಆದ್ರೆ ಪಾಲು ಎಷ್ಟು ಅಂತ ಮಾತಾಡಿಕೊಳ್ಳದಿದ್ದರೆ ಲಾಭ-ನಷ್ಟ ಸಮಪಾಲು. ನೀವು 5 ಲಕ್ಷ, ಅವರು 50 ಸಾವಿರ ಹಾಕಿದ್ದರೂ ಅಷ್ಟೇ!

ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಆಗದಿದ್ದರೆ, ಬಿಲ್ ಕೊಡದ ಗಿರಾಕಿ ಮೇಲೆ ಸಂಸ್ಥೆ ದಾವೆ ಹೂಡುವಂತಿಲ್ಲ. ಸಾಲ ಕೊಟ್ಟವರು ಮಾತ್ರ ನಿಮ್ಮ ಮೇಲೆ ಹೂಡಬಹುದು. ಪೂರ್ತಿ ಮೊತ್ತವನ್ನು ಒಬ್ಬರಿಂದಲೇ ಕೇಳಬಹುದು.

ಇನ್ನು ಬಿಡೋ ವಿಷಯ. ಅವಧಿ ಗೊತ್ತುಮಾಡದ, ಇಷ್ಟ ಇರುವಷ್ಟು ದಿನ ನಡೆಯೋ ಪಾಲುದಾರಿಕೆಯನ್ನು ಒಬ್ಬರೇ ಲಿಖಿತ ನೋಟಿಸ್ ಕೊಟ್ಟು ವಿಸರ್ಜಿಸಬಹುದು. ವಾಟ್ಸಾಪ್ ಗ್ರೂಪ್ ಬಿಟ್ಟರೆ ಸಾಲದು. ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ಜೊತೆಗಾರ ಸಂಸ್ಥೆ ಹೆಸರಲ್ಲಿ ಮಾಡುವ ಸಾಲ ನಿಮ್ಮ ತಲೆಗೂ ಬರಬಹುದು. ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರ್‌ಗೆ ತಿಳಿಸಿ, ಗೆಜೆಟ್‌ನಲ್ಲೂ ಆ ಜಿಲ್ಲೆಯಲ್ಲಿ ಪ್ರಸಾರವಿರುವ ಒಂದು ದೇಶಭಾಷಾ ಪತ್ರಿಕೆಯಲ್ಲೂ ಪ್ರಕಟಿಸಬೇಕು.

ಲೆಕ್ಕ ಚುಕ್ತಾ ಮಾಡೋಕೂ ಕ್ರಮ ಇದೆ: ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಕೊಟ್ಟ ಸಾಲ, ನಂತರ ಬಂಡವಾಳ. ಉಳಿದದ್ದು ಲಾಭದ ಪಾಲಿನಂತೆ ಹಂಚಿಕೆ.

ಸ್ನೇಹ ಚೆನ್ನಾಗಿದ್ದಾಗಲೇ ಪತ್ರ ಬರೆಸಿ. ಪಾಲು ಎಷ್ಟು, ಬಿಡೋದು ಹೇಗೆ, ಎರಡನ್ನೂ ಸೇರಿಸಿ. ಮುನಿಸು ಬಂದ ಮೇಲೆ ಸಹಿ ಹಾಕೋರು ಕಮ್ಮಿ.