ಅಳಿಲಿಗೆ ಹುಚ್ಚು ಹಿಡಿದಿಲ್ಲ, ಪಾಷಾಣ ಇಡಬೇಡಿ

"ಅಳಿಲು ಮೈಮೇಲೇ ಬರ್ತದೆ, ಎಂತ ಮಾಡೋದು?" ಅಂತ ಈ ತಿಂಗಳು ನಾಲ್ಕು ಜನ ಕೇಳಿದರು. ಐದನೆಯವರು ಕೇಳಲಿಲ್ಲ, ಹೇಳಿದರು: ಇಲಿ ಪಾಷಾಣ ತಂದಾಗಿದೆ, ಮಾಡಿನ ಮೇಲೆ ಇಡೋದೊಂದೇ ಬಾಕಿ. ಅದಕ್ಕೇ ಇಷ್ಟುದ್ದ ಬರೀತಾ ಇದ್ದೇನೆ.

ನಮ್ಮ ಹಿತ್ತಲಿನ ಮೂರು ಗೆರೆಯ ಅಳಿಲು ನೂರು ಗ್ರಾಂ ಆಸುಪಾಸಿನ ಜೀವ. ಬೆಕ್ಕು, ಹಾವು, ಗಿಡುಗ ಎಲ್ಲದಕ್ಕೂ ಅದೇ ಊಟ. ಇಂಥದ್ದು ಸುಮ್ಮಸುಮ್ಮನೆ ಮನುಷ್ಯನ ಮೇಲೆ ಏರಿ ಬರೋದಿಲ್ಲ. ಬಂದರೆ ಕಾರಣ ಹತ್ತು ಮಾರಿನೊಳಗೇ ಇರ್ತದೆ, ನಾವು ತಲೆ ಎತ್ತಿ ನೋಡಬೇಕು ಅಷ್ಟೇ.

ಆ ಪಾಷಾಣದವರ ಮನೆಗೆ ಹೋಗಿ ನೋಡಿದೆ. ಬಚ್ಚಲಿನ ಹಂಚಿನ ಕೆಳಗೆ ತೆಂಗಿನ ನಾರು, ಹಳೇ ಸೀರೆಯ ಚಿಂದಿ ಸೇರಿಸಿ ಮಾಡಿದ ಉಂಡೆಯಂಥ ಗೂಡು. ಒಳಗೆ ಮರಿಗಳ ಕೀಚು ಕೀಚು. ಮೊಮ್ಮಗಳು ಬಚ್ಚಲಿಗೆ ಹೋದಾಗೆಲ್ಲ ತಾಯಿ ತಲೆಕೆಳಗಾಗಿ ಗೋಡೆ ಇಳಿದು, ಬಾಲ ಕೆದರಿಕೊಂಡು ಒಂದು ಮೊಳ ದೂರದ ತನಕ ಬರ್ತದೆ. ಕಚ್ಚಿಲ್ಲ. ಹೆದರಿಸ್ತದೆ, ಅಷ್ಟೇ. ಅಳಿಲಿಗೆ ಐದು ವಾರದ ಗರ್ಭ, ಸಾಮಾನ್ಯವಾಗಿ ಎರಡೋ ಮೂರೋ ಮರಿ. ಹುಟ್ಟಿದಾಗ ಕಣ್ಣಿಲ್ಲ, ರೋಮ ಇಲ್ಲ. ಎರಡು ತಿಂಗಳ ಮೇಲೂ ತಾಯಿಯ ಹಾಲು ಬೇಕು. ಗಂಡು ಆ ಕಡೆ ತಿರುಗಿಯೂ ನೋಡೋದಿಲ್ಲ, ಎಲ್ಲಾ ಒಬ್ಬಳದ್ದೇ ಕೆಲಸ. ಕರು ಹಾಕಿದ ನಮ್ಮನೆ ದನವೇ ಎರಡು ದಿನ ನಮ್ಮನ್ನು ಹತ್ತಿರ ಬಿಟ್ಟುಕೊಳ್ಳೋದಿಲ್ಲ, ಅದಕ್ಕೆ ನಾವು ಪಾಷಾಣ ಇಡ್ತೇವೋ? ಈಗ ತಾಯಿ ಸತ್ತರೆ ಮರಿಗಳು ಹಂಚಿನಡಿಯೇ ಕೊಳೆತು ನಾರ್ತವೆ. ಅದರ ಬದಲು ಮರಿ ಹೊರಬೀಳುವ ತನಕ ಕಾದು, ಗೂಡು ಖಾಲಿ ಆದಮೇಲೆ ಸಂದಿಗೆ ಜಾಳಿ ಹೊಡೆಯಿರಿ. ಮರಿ ಒಳಗಿರುವಾಗ ಮುಚ್ಚಬೇಡಿ. ತಾಯಿ ಹಂಚು, ರೀಪು ಎಲ್ಲಾ ಕೆರೆದು ಹಾಕ್ತದೆ.

ಇನ್ನು ಕೂಗಾಟ. ಬಾಲ ಕುಣಿಸುತ್ತಾ ತಾಸುಗಟ್ಟಲೆ ಚಿಕ್ ಚಿಕ್ ಅನ್ನೋದನ್ನು ನಮಗೇ ಬೈಯ್ಯೋದು ಅಂತ ತಿಳೀತೇವೆ. ಅದರ ಮೂತಿ ಯಾವ ಕಡೆ ಇದೆ ನೋಡಿ. ನಮ್ಮ ಕೊಟ್ಟಿಗೆ ಹತ್ತಿರ ಹೀಗೆ ಕೂಗಿದ ಕಡೆ ನೋಡಿದರೆ ಹುಲ್ಲು ಕುತ್ರಿಯ ಬುಡದಲ್ಲಿ ನಾಗರ ಇತ್ತು. ಕೈ ಹಾಕುವ ಮೊದಲು ಗೊತ್ತಾಯ್ತು. ಒಂದರ ಹಿಂದೆ ನಾಲ್ಕೈದು ಬಿದ್ದು ತೆಂಗಿನಿಂದ ಮಾವಿಗೆ ಹಾರೋದು ಜಗಳ ಅಲ್ಲ, ಹೆಣ್ಣಿನ ಬೆನ್ನು ಹತ್ತಿದ ಗಂಡುಗಳು. ಹೆಣ್ಣು ತಿರುಗಿ ಕಚ್ಚೋದೂ ಉಂಟು. ಅದು ಅವರ ಮನೆ ವಿಚಾರ.

ನಿಜವಾದ ಜಗಳ ನಾವು ಹಚ್ಚಿಕೊಟ್ಟದ್ದು. ಅಳಿಲು ಒಂಟಿಯಾಗಿ ತಿನ್ನುವ ಪ್ರಾಣಿ. ಅಂಗಳದಲ್ಲಿ ಶೇಂಗಾ, ಕೊಬ್ಬರಿ ಒಂದೇ ಕಡೆ ಹರವಿದರೆ ಐದಾರು ಬಂದು ಒಂದನ್ನೊಂದು ಕಚ್ಚಾಡ್ತವೆ. ಮೇಲೆ ಬಲೆ ಹಾಸಿ, ಮುಗೀತು. ಆದರೆ ಕೈಯಲ್ಲಿ ಬಿಸ್ಕಿಟ್ ತಿನ್ನಿಸಿ ಫೋಟೋ ಹಾಕುವವರ ಮೇಲೆ ನನಗೆ ಸಿಟ್ಟಿದೆ. ಮನುಷ್ಯನ ಹೆದರಿಕೆ ಹೋದ ಅಳಿಲೇ ಮುಂದೆ ಪಕ್ಕದ ಮನೆ ಮಗುವಿನ ಬೆರಳು ಕಚ್ಚೋದು. ಬಿದ್ದ ಮರಿಯನ್ನು ಮಕ್ಕಳು ಹತ್ತಿಯಲ್ಲಿಟ್ಟು ಸಾಕಿ, ದೊಡ್ಡದಾಗಿ ಕಚ್ಚೋಕೆ ಶುರು ಮಾಡಿದ ಮೇಲೆ ಹಿತ್ತಲಿಗೆ ಬಿಡೋದೂ ಇದೇ ಲೆಕ್ಕ. ಮರಿ ಸಿಕ್ಕಿದರೆ ಆ ಮರದ ಬುಡದಲ್ಲೇ ಬೆಕ್ಕಿಗೆ ಸಿಗದ ಹಾಗೆ ಇಡಿ, ತಾಯಿ ಎತ್ತಿಕೊಂಡು ಹೋಗುವ ಸಂಭವ ಹೆಚ್ಚು.

ಪಾಷಾಣದ ಮಾತಿಗೆ ಬರ್ತೇನೆ. ನಮ್ಮಲ್ಲಿ ಸಿಗೋ ಕಪ್ಪು ಪುಡಿ ಝಿಂಕ್ ಫಾಸ್ಫೈಡ್. ಅದಕ್ಕೆ ಅಳಿಲು, ಕೋಳಿ, ನಾಯಿ ಅಂತ ಭೇದ ಇಲ್ಲ. ಮಾಡಿನ ಮೇಲಿನ ತುತ್ತನ್ನು ಕಾಗೆ ಬಾವಿ ಕಟ್ಟೆಗೆ ತಂದು ಹಾಕಿದರೂ ಆಯ್ತು. ಸತ್ತದ್ದನ್ನು ತಿಂದ ಬೆಕ್ಕು ಹೋದರೆ ಇಲಿ ಹಿಡಿಯೋರು ಯಾರು? ಎಳೆ ತೆಂಗಿನಕಾಯಿಗೆ ತೊಟ್ಟಿನ ಹತ್ತಿರ ತೂತು ಕೊರೆಯೋದು ಹೆಚ್ಚಾಗಿ ಇಲಿ, ಅದೂ ರಾತ್ರಿ. ಹಗಲು ಕಾಣಿಸಿಕೊಳ್ಳೋದು ಅಳಿಲು, ಹಾಗಾಗಿ ಬೈಗುಳ ಅದಕ್ಕೆ. ಮರಕ್ಕೆ ಆಳೆತ್ತರದಲ್ಲಿ ತಗಡು ಸುತ್ತಿದರೆ ಇಲಿ ಹತ್ತೋದಿಲ್ಲ, ಆದರೆ ಪಕ್ಕದ ಮರದ ಹೆಡೆ ತಾಗಿರಬಾರದು. ಹಾರುವ ಅಳಿಲಿಗೆ ತಗಡು ಲೆಕ್ಕಕ್ಕಿಲ್ಲ, ಅದನ್ನೂ ಹೇಳಿಬಿಡ್ತೇನೆ. ಕೋಕೋ ಇದ್ದವರು ಕಾಯಿ ಬಣ್ಣ ತಿರುಗಿದ ಕೂಡಲೇ ಕೊಯ್ಯಿರಿ, ಹಣ್ಣಾಗಿ ಮರದಲ್ಲಿ ನಿಂತದ್ದೇ ಅಳಿಲಿನ ಪಾಲು.

ಅಳಿಲಿನಿಂದ ನಷ್ಟವೇ ಇಲ್ಲ ಅಂತ ನಾನು ಹೇಳೋದಿಲ್ಲ. ನಮ್ಮ ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದ ಮೇಲೆ ಒಂದೊಂದು ಹಣ್ಣೂ ಲೆಕ್ಕವೇ. ಆದರೆ ನನ್ನ ಮರಗಳಲ್ಲಿ ಮಂಗ ಒಂದು ಬೆಳಿಗ್ಗೆ ಉದುರಿಸಿದ್ದನ್ನು ಅಳಿಲು ಇಡೀ ಹಂಗಾಮಿನಲ್ಲಿ ತಿಂದಿಲ್ಲ.

ಘಟ್ಟದ ಬುಡದವರಿಗೆ ಇನ್ನೊಂದು ಮಾತು. ಅಲ್ಲಿ ಕಾಣುವ ಉದ್ದ ಬಾಲದ ದೊಡ್ಡ ಕೆಂದಳಿಲು, ಮಹಾರಾಷ್ಟ್ರದವರು ಶೇಕ್ರು ಅಂತ ರಾಜ್ಯಪ್ರಾಣಿ ಮಾಡಿಕೊಂಡದ್ದು, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಅದಕ್ಕೆ ಕೋವಿ ಎತ್ತಿದರೆ ಕೇಸು ಖಂಡಿತ.

ಕಚ್ಚಿಯೇ ಬಿಟ್ಟರೆ ಅರಿಶಿಣ, ಸುಣ್ಣ ಮೆತ್ತಬೇಡಿ. ಹರಿಯುವ ನೀರಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅಳಿಲಿನಿಂದ ಹುಚ್ಚುನಾಯಿ ರೋಗ ಬರೋದು ತೀರಾ ಅಪರೂಪ, ಆದರೂ ಟಿಟಿ ಸಾಕೋ, ರೇಬೀಸ್ ಸೂಜಿಯೂ ಬೇಕೋ ಅನ್ನೋದನ್ನು ಡಾಕ್ಟರು ಹೇಳಲಿ. ತೂರಾಡುವ ಅಳಿಲು, ಓಡದೆ ಕೂತ ಅಳಿಲು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿರದಲ್ಲಿ ಯಾರೋ ಪಾಷಾಣ ಇಟ್ಟಿರಬಹುದು, ನಿಮ್ಮ ಬೆಕ್ಕನ್ನು ಕೂಡಿ ಹಾಕಿ.