ಹೆಸರು ಹಿಡಿದು ಕರೆಯುವ ಶಾಲೆ
ಮಗುವಿಗೆ ಶಾಲೆ ಹುಡುಕುವವರು ಮೊದಲು ಕಟ್ಟಡ ನೋಡುತ್ತಾರೆ, ಆಮೇಲೆ ಬಸ್ಸು, ಆಮೇಲೆ ಫೀಸು. ನಾನು ಹೇಳುವುದು, ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಗೇಟಿನ ಬಳಿ ಹತ್ತು ನಿಮಿಷ ನಿಂತು ನೋಡಿ. ಅಳುತ್ತಾ ಬಂದ ಮಗುವನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಾರೋ, ಹೆಸರು ಹಿಡಿದು ಕರೆದು, ಬಗ್ಗಿ ಕೂತು, ಬಿಚ್ಚಿಹೋದ ಶೂ ಲೇಸು ಕಟ್ಟುತ್ತಾರೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಳ್ಳೆಯ ಶಾಲೆ ದೊಡ್ಡದೇ ಆಗಿರಬೇಕಿಲ್ಲ. ಕೋಲಾರ ಜಿಲ್ಲೆಯ ರಾಯಲ್ಪಾಡು ಬಳಿ ಡೇವಿಡ್ ಹಾರ್ಸ್‌ಬರೋ 1972ರಲ್ಲಿ ಶುರುಮಾಡಿದ ಪುಟ್ಟ ಶಾಲೆ ನೀಲ್‌ಬಾಗ್‌ನಲ್ಲಿ ಪರೀಕ್ಷೆಯೂ ಇರಲಿಲ್ಲ, ಶಿಕ್ಷೆಯೂ ಇರಲಿಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಚಿಕ್ಕ ಶಾಲೆಗಳೆಲ್ಲ ಹಾಗಿರುವುದಿಲ್ಲ; ಆಟಕ್ಕೆ ಅಂಗೈಯಗಲ ಜಾಗವಿಲ್ಲದೆ ಮಹಡಿಯ ಮೇಲೆ ನಡೆಯುವವೂ ಇವೆ. ಅದಕ್ಕೇ ಕೇಳಿ: ಟೀಚರುಗಳು ಎಷ್ಟು ವರ್ಷದಿಂದ ಇಲ್ಲಿದ್ದಾರೆ? ತರಗತಿಗೆ ಎಷ್ಟು ಮಕ್ಕಳು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರು ಇರಬೇಕು. ಸೇರಿಸಿಕೊಳ್ಳುವ ಮುಂಚೆ ಮಗುವನ್ನೋ ನಿಮ್ಮನ್ನೋ ಪರೀಕ್ಷೆ ಮಾಡಿ ಆರಿಸುವುದನ್ನು ಅದೇ ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಹಾಗೆ ಆರಿಸುವ ಶಾಲೆಯ ಅರ್ಜಿ ಫಾರಂ ಅಲ್ಲೇ ವಾಪಸ್ ಕೊಟ್ಟು ಬನ್ನಿ.