ಉಗುರು ಕಚ್ಚುವ ಮಕ್ಕಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಸೀಮೆಯ ಯಾವ ಶಾಲೆಗೆ ಹೋದರೂ ಬೆರಳನ್ನು ಹಲ್ಲಿಗೆ ಕೊಟ್ಟು ಕುಳಿತ ಮಕ್ಕಳು ಕೆಲವರಾದರೂ ಕಣ್ಣಿಗೆ ಬೀಳದಿರರು. ಕಾಲೇಜಿನಲ್ಲಿಯೂ ಅಷ್ಟೆ. ಪ್ರಶ್ನಪತ್ರಿಕೆ ಹಂಚಿದ ಮೊದಲ ಐದು ನಿಮಿಷಗಳಲ್ಲಿ ಪರೀಕ್ಷಾಮಂದಿರವನ್ನು ಒಮ್ಮೆ ಸುತ್ತಿ ಬಂದ ಮೇಲ್ವಿಚಾರಕನಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಈ ಚಟಕ್ಕೆ ನಮ್ಮಲ್ಲಿ ಎರಡು ಮದ್ದುಗಳು ಪ್ರಸಿದ್ಧವಾಗಿವೆ: ಒಂದು ಏಟು, ಇನ್ನೊಂದು ಬೆರಳಿಗೆ ಸವರುವ ಖಾರ ಅಥವಾ ಕಹಿ. ಮೊದಲನೆಯದು ಪೂರ್ತಿ ನಿರರ್ಥಕವೆಂದೂ, ಎರಡನೆಯದು ಬಹುಮಟ್ಟಿಗೆ ನಿರರ್ಥಕವಾಗಿ ಕೆಲವೊಮ್ಮೆ ಅಪಾಯಕರವೂ ಆಗುವುದೆಂದೂ ನನ್ನ ಅಭಿಪ್ರಾಯ.

ಭೌತಶಾಸ್ತ್ರ ಕಲಿಸುವವನಿಗೆ ಉಗುರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಉಗುರೂ ಒಂದು ಪದಾರ್ಥವೇ ಅಲ್ಲವೆ? ಕೂದಲು, ಕೊಂಬು, ಗೊರಸುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು ಅದು. ಅದರಲ್ಲಿ ಮೂರು ಪದರಗಳುಂಟು. ಅವುಗಳಲ್ಲಿ ದಪ್ಪನಾದ ನಡುವಣ ಪದರದ ಎಳೆಗಳು ಬೆರಳಿನ ಉದ್ದಕ್ಕೆ ಹರಿಯದೆ ಅಡ್ಡಲಾಗಿ ಹರಿದಿವೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು 2004ರಲ್ಲಿ ಉಗುರನ್ನು ಕತ್ತರಿಸಿ ಅಳೆದು ನೋಡಿದಾಗ, ಉದ್ದಕ್ಕೆ ಸೀಳಲು ಬೇಕಾಗುವ ಶಕ್ತಿಯು ಅಡ್ಡಲಾಗಿ ಕತ್ತರಿಸಲು ಬೇಕಾಗುವುದರ ಸುಮಾರು ಇಮ್ಮಡಿಯೆಂದು ಕಂಡುಬಂದಿತು. ಬನಹಟ್ಟಿಯ ನೇಕಾರನು ಬಟ್ಟೆಯನ್ನು ನೂಲಿನ ಗುಂಟ ಸರಕ್ಕನೆ ಹರಿಯುವುದನ್ನು ನೋಡಿದವರಿಗೆ ಇದರ ಮರ್ಮ ಕೂಡಲೆ ತಿಳಿದೀತು. ಬಿರುಕು ಬುಡದ ಕಡೆಗೆ ಓಡದೆ ಅಡ್ಡಕ್ಕೆ ತಿರುಗುವುದರಿಂದ ಉಗುರಿನ ಕೆಳಗಿನ ಎಳೆಯ ಮಾಂಸ ಉಳಿದುಕೊಳ್ಳುತ್ತದೆ. ಆದರೆ ಕಚ್ಚುವ ಹುಡುಗನಿಗೆ ಇದೇ ಆಮಿಷ. ಹಲ್ಲಿನ ಅಂಚು ಒಂದು ಕಡೆ ಸಿಕ್ಕಿತೆಂದರೆ ಇಡೀ ಚೂರು ಸಲೀಸಾಗಿ ಕಿತ್ತುಬರುತ್ತದೆ; ಹಿಂದೆ ಉಳಿದ ಒರಟು ಅಂಚು ಬೆರಳತುದಿಗೆ ತಾಕಿ, ಅದನ್ನೂ ಸರಿಪಡಿಸೆಂದು ಮತ್ತೆ ಕರೆಯುತ್ತದೆ. ಚಟದ ಚಕ್ರ ಹೀಗೆ ತಿರುಗುತ್ತ ಹೋಗುವುದು.

ಈ ಚಟ ಮೂರು ವರ್ಷಕ್ಕೆ ಮುಂಚೆ ಅಪರೂಪ. ಶಾಲೆಗೆ ಸೇರುವ ವಯಸ್ಸಿನಲ್ಲಿ ತಲೆದೋರಿ, ಹರೆಯದವರೆಗೆ ಹೆಚ್ಚುತ್ತ ಹೋಗಿ, ಅನೇಕರಲ್ಲಿ ತಾನಾಗಿಯೇ ಬಿಟ್ಟುಹೋಗುತ್ತದೆ. ತಾಯಿತಂದೆಗಳಿಗೆ ಈ ಚಟವಿದ್ದರೆ ಮಕ್ಕಳಲ್ಲಿ ಕಾಣುವುದು ಹೆಚ್ಚು. ಕ್ಯಾಲ್ಸಿಯಮ್ಮಿನ ಕೊರತೆಯಿಂದ ಮಗು ಉಗುರು ತಿನ್ನುತ್ತದೆಂದು ನಮ್ಮಲ್ಲಿ ಕಲಿತವರೂ ಹೇಳುವುದುಂಟು. ಉಗುರಿನ ತೂಕದಲ್ಲಿ ಕ್ಯಾಲ್ಸಿಯಮ್ ಶೇಕಡ ಒಂದರಷ್ಟೂ ಇಲ್ಲ. ಆ ಮಾತಿಗೆ ಆಧಾರವಿಲ್ಲ. (ಮಣ್ಣು, ಬಳಪ ತಿನ್ನುವ ಮಗುವಿನ ವಿಷಯ ಬೇರೆ, ಅಂಥ ಮಗುವಿನ ರಕ್ತವನ್ನು ಪರೀಕ್ಷೆ ಮಾಡಿಸಲೇಬೇಕು.) ದರಿದ್ರ ಬರುತ್ತದೆಂಬ ಅಜ್ಜಿಯ ಮಾತನ್ನು ಇಲ್ಲಿ ಚರ್ಚಿಸಬೇಕಾಗಿಲ್ಲ.

ಹಾಗಾದರೆ ಕಾರಣವೇನು? ಭಯ ಮತ್ತು ಕಳವಳ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ, ಆದರೆ ಅರ್ಧ ನಿಜ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಚಟವುಳ್ಳವರನ್ನು ಬೇರೆಬೇರೆ ಮನಸ್ಥಿತಿಗಳಿಗೆ ಒಳಪಡಿಸಿ ನೋಡಿದರು. ನೆಮ್ಮದಿಯಿಂದಿರುವಾಗಿನದಕ್ಕಿಂತ ಬೇಸರ ಮತ್ತು ಆಶಾಭಂಗದ ಹೊತ್ತಿನಲ್ಲಿ ಚಟದ ಸೆಳೆತ ಹೆಚ್ಚಾಯಿತು. ಮಗ್ಗದ ಮನೆಯ ಹುಡುಗಿ ರಾಟೆಯ ಮುಂದೆ ಕುಳಿತು ತಾಯಿಗೆ ಕಂಡಿಕೆ ಸುತ್ತಿಕೊಡುವಾಗ ಉಗುರು ಕಚ್ಚಲಾರಳು, ಕೈಗಳೆರಡಕ್ಕೂ ಕೆಲಸವಿದೆ. ಅದೇ ಹುಡುಗಿ, ಅರ್ಥವಾಗದ ಪಾಠವನ್ನು ಅಲುಗಾಡದೆ ಕೇಳಬೇಕಾದಾಗ, ತನಗೇ ತಿಳಿಯದಂತೆ ಬೆರಳನ್ನು ಬಾಯಿಗೆ ಒಯ್ಯುತ್ತಾಳೆ. ಇಲ್ಲಿ ತಪ್ಪು ಹುಡುಗಿಯದೊ, ಪಾಠದ್ದೊ? ನಾವು ಅಧ್ಯಾಪಕರು ಈ ಪ್ರಶ್ನೆಯನ್ನು ನುಂಗಿಕೊಂಡು ಬೆತ್ತ ಹುಡುಕುತ್ತೇವೆ. ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಪೀಡಿಸುವುದನ್ನೂ 2010ರಿಂದಲೇ ನಿಷೇಧಿಸಿದೆ. ಕಾಯಿದೆಯ ಮಾತು ಒತ್ತಟ್ಟಿಗಿರಲಿ; ಕಳವಳದಿಂದ ಹುಟ್ಟಿದ ಚಟಕ್ಕೆ ಇನ್ನಷ್ಟು ಕಳವಳವನ್ನೇ ಮದ್ದಾಗಿ ಕೊಡುವುದು ಯಾವ ನ್ಯಾಯ?

ಖಾರದ ಬೆರಳು ಕಣ್ಣಿಗೂ ಹೋಗುತ್ತದೆ. ಬೇವಿನ ಎಣ್ಣೆಯಂತೂ ಚಿಕ್ಕಮಕ್ಕಳ ಹೊಟ್ಟೆಗೆ ಹೋಗಿ ವಾಂತಿ, ಸೆಳವು, ಪ್ರಜ್ಞಾಹೀನತೆಗಳುಂಟಾದ ಪ್ರಕರಣಗಳು ನಮ್ಮ ದೇಶದಲ್ಲಿಯೇ ದಾಖಲಾಗಿವೆ. ಸವರುವುದು ಹನಿಯಷ್ಟೇ ಇರಬಹುದು. ಆದರೆ ಸೀಸೆ ಮಗುವಿನ ಕೈಗೆಟುಕುವಂತೆ ಇರಕೂಡದು. ಡೆನಟೋನಿಯಮ್ ಎಂಬ ಅತ್ಯಂತ ಕಹಿಯಾದ ವಸ್ತು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ದೊರೆಯಿತು. ಅದನ್ನು ಬೆರೆಸಿದ ಲೇಪಗಳು ಅಂಗಡಿಯಲ್ಲಿ ಸಿಗುತ್ತವೆ. ಬಿಡಬೇಕೆಂದು ತಾನೇ ನಿಶ್ಚಯಿಸಿದವನಿಗೆ ಅವು ಎಚ್ಚರಿಕೆಯ ಗಂಟೆಯಂತೆ ನೆರವಾದಾವು. ಬಲವಂತಕ್ಕೆ ಸವರಿದರೆ ಮಗು ಕಹಿಯನ್ನೂ ಸಹಿಸಲು ಕಲಿಯುತ್ತದೆ.

ಚಟದಿಂದ ಹಾನಿಯೇ ಇಲ್ಲವೆಂದು ಇದರ ಅರ್ಥವಲ್ಲ. ಉಗುರಿನ ಸುತ್ತಿನ ಚರ್ಮ ಬಾತು ಕೀವಾಗಬಹುದು; ಮುಂದಿನ ಹಲ್ಲುಗಳ ಅಂಚು ಸವೆಯಬಹುದು. ಗುದದ್ವಾರದ ಬಳಿ ತುರಿಸಿಕೊಂಡ ಬೆರಳಿನಿಂದ ದಾರಹುಳುವಿನ ಮೊಟ್ಟೆಗಳು ಬಾಯಿಗೆ ಮರಳುತ್ತವೆ. ಬಣ್ಣದ ನೂಲು ಮುಟ್ಟಿದ ಕೈ, ಔಷಧ ಹೊಡೆದ ಕಬ್ಬಿನ ತೋಟದಲ್ಲಿ ಆಡಿದ ಕೈ, ತೊಳೆಯದೆ ಬಾಯಿಗೆ ಹೋಗಬಾರದು. ನಮ್ಮ ತಾಲೂಕುಗಳಲ್ಲಿ ನಾನು ಹೆಚ್ಚಾಗಿ ಚಿಂತಿಸುವುದು ಇದನ್ನೇ. ಆದರೆ ಸತ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ದೀರ್ಘಕಾಲ ಹಿಂಬಾಲಿಸಿದ ಅಧ್ಯಯನವೊಂದು, 13ನೆಯ ವಯಸ್ಸಿನ ಚರ್ಮಪರೀಕ್ಷೆಯ ಫಲವನ್ನು 2016ರಲ್ಲಿ ಪ್ರಕಟಿಸಿತು. ಬೆರಳು ಚೀಪುವ, ಉಗುರು ಕಚ್ಚುವ ಚಟಗಳೆರಡೂ ಇಲ್ಲದವರಲ್ಲಿ ಶೇಕಡ 49 ಮಂದಿಗೆ ಅಲರ್ಜಿಯ ಲಕ್ಷಣವಿದ್ದಿತು. ಎರಡೂ ಇದ್ದವರಲ್ಲಿ ಶೇಕಡ 31 ಮಂದಿಗೆ ಮಾತ್ರ. ಆಸ್ತಮಾದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಯಾರೂ ಉಗುರು ಕಚ್ಚಲು ತೊಡಗಬೇಕಾಗಿಲ್ಲ. ಮಗು ಕೆಟ್ಟುಹೋಯಿತೆಂದು ಎದೆ ಬಡಿದುಕೊಳ್ಳುವ ಹಿರಿಯರು ಮಾತ್ರ ಓದಬೇಕು.

ಪರಿಹಾರವೆಂದು ನಾನು ನಂಬಿರುವುದು ಅಮೆರಿಕದ ಅಜ್ರಿನ್ ಮತ್ತು ನನ್ ಎಂಬ ಮನಃಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಕ್ರಮವನ್ನು. ಮೊದಲು ಕೈ ಯಾವಾಗ ಮೇಲೇಳುತ್ತದೆಂಬ ಅರಿವು ಬರಬೇಕು. ಎದ್ದೊಡನೆ ಅದಕ್ಕೆ ಬೇರೊಂದು ಕೆಲಸ: ಮುಷ್ಟಿ ಬಿಗಿಯುವುದು, ಇಲ್ಲವೆ ಪೆನ್ಸಿಲನ್ನು ಹಿಡಿಯುವುದು, ಸೆಳೆತ ಕಳೆಯುವ ತನಕ. ಮನೆಯವರು ಕಚ್ಚಿದಾಗ ಗದರದೆ, ಕಚ್ಚದೆ ಇದ್ದಾಗ ಒಂದು ಒಳ್ಳೆಯ ಮಾತಾಡಬೇಕು. ಉಗುರನ್ನು ಚಿಕ್ಕದಾಗಿ ಕತ್ತರಿಸಿ ಅಂಚನ್ನು ನಯವಾಗಿ ಉಜ್ಜಿಡಬೇಕು. ಒರಟಿಲ್ಲದಿದ್ದರೆ ಕರೆಯೂ ಇಲ್ಲ. ರಕ್ತ ಬರುವವರೆಗೆ ಕಚ್ಚುವ, ಜೊತೆಗೆ ಕೂದಲನ್ನೂ ಕೀಳುವ ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ನಮಗೆ ದೂರವೇನಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಬಹುದು.

ಚಟವುಳ್ಳ ವಿದ್ಯಾರ್ಥಿಮಿತ್ರರಿಗೆ ಒಂದು ಪ್ರಯೋಗವನ್ನು ಸೂಚಿಸುವೆ. ವಿಲಿಯಂ ಬೀನ್ ಎಂಬ ಅಮೆರಿಕದ ವೈದ್ಯರು ತಮ್ಮ ಹೆಬ್ಬೆರಳಿನ ಉಗುರಿನ ಬೆಳವಣಿಗೆಯನ್ನು 35 ವರ್ಷ ಅಳೆದರು. ಅದು 32ನೆಯ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಇದ್ದುದು 67ನೆಯ ವಯಸ್ಸಿಗೆ 0.095ಕ್ಕೆ ಇಳಿದಿತ್ತು. ನಮ್ಮ ಪ್ರಯೋಗಶಾಲೆಯ ಸಾಮಾನ್ಯ ವರ್ನಿಯರ್ ಕ್ಯಾಲಿಪರ್ಸಿನ ಕನಿಷ್ಠ ಅಳತೆ 0.1 ಮಿಲಿಮೀಟರ್, ಎಂದರೆ ಹೆಚ್ಚುಕಡಿಮೆ ಉಗುರಿನ ಒಂದು ದಿನದ ಬೆಳವಣಿಗೆ. ಒಂದು ಬೆರಳನ್ನು ಮಾತ್ರ ಆರಿಸಿಕೊಂಡು ಅದನ್ನು ಕಚ್ಚದೆ ಬಿಡಿ. ಉಗುರಿನ ಬುಡದಲ್ಲಿ ಅರದಿಂದ ನವಿರಾದ ಗೀರೊಂದನ್ನೆಳೆದು, ಬುಡದಿಂದ ಅದರ ದೂರವನ್ನು ವಾರಕ್ಕೊಮ್ಮೆ ಅಳೆದು ದಿನಾಂಕಸಹಿತ ಬರೆದಿಡಿ. ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬರಬೇಕು. ಆಮೇಲೆ ಎರಡನೆಯ ಬೆರಳನ್ನು ತೆಗೆದುಕೊಳ್ಳಬಹುದು.